ಕೊನೆಯ ವರ್ಷದ ಪ್ರಾಜೆಕ್ಟ್: ಐದು ಐಡಿಯಾ ಇದೆ, ಯಾವುದನ್ನು ಬಿಡಲಿ?

ಹಸಿರೆಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಮೂರನೇ ವರ್ಷ ಈಗಷ್ಟೇ ಮುಗಿಯಿತು. ಇನ್ನು ಕೊನೆಯ ವರ್ಷದ ಪ್ರಾಜೆಕ್ಟ್. ನಾವು ನಾಲ್ಕು ಜನರ ಟೀಮ್. ಕೈಯಲ್ಲಿ ಹೆಚ್ಚುಕಡಿಮೆ ಎಂಟು ತಿಂಗಳಿದೆ.

ನಮ್ಮ ಐಡಿಯಾ ಇದು. ಗಿಡದ ಬುಡದ ಮಣ್ಣು ಎಷ್ಟು ಒದ್ದೆಯಾಗಿದೆ ಅಂತ ಸೆನ್ಸರ್ ನೋಡಬೇಕು. ಒಣಗಿದ್ದರೆ ಪಂಪ್ ತಾನಾಗಿಯೇ ಆನ್ ಆಗಬೇಕು. ಗಾಳಿಯ ಉಷ್ಣಾಂಶ, ತೇವಾಂಶ ಮೊಬೈಲ್ ಆ್ಯಪ್‌ನಲ್ಲಿ ಕಾಣಬೇಕು. ಎಲೆಯ ಫೋಟೋ ತೆಗೆದರೆ ಯಾವ ರೋಗ ಅಂತ ಹೇಳಬೇಕು. ಇದೆಲ್ಲ ಸೋಲಾರ್ ಪ್ಯಾನೆಲ್‌ನಲ್ಲಿ ನಡೆಯಬೇಕು.

ಗೈಡ್ ಪೂರ್ತಿ ಕೇಳಿಸಿಕೊಂಡರು. "ಚೆನ್ನಾಗಿದೆ, ಆದರೆ ಸ್ವಲ್ಪ ಚಿಕ್ಕದು ಮಾಡಿಕೊಂಡು ಬನ್ನಿ" ಅಂದರು. ಯಾವುದನ್ನು ತೆಗೆಯಬೇಕು ಅಂತ ಹೇಳಲಿಲ್ಲ. ಎರಡು ದಿನ ಕೂತು ಮಾತಾಡಿದೆವು. ಒಬ್ಬೊಬ್ಬರಿಗೆ ಒಂದೊಂದು ಭಾಗ ಇಷ್ಟ, ಏನು ತೆಗೆದರೂ ಯಾರಿಗೋ ಬೇಜಾರು. ತೀರಾ ಚಿಕ್ಕದಾದರೆ ಪ್ರಾಜೆಕ್ಟ್ ಸಪ್ಪೆ ಆಗಿ ಮಾರ್ಕ್ಸ್ ಹೋಗುತ್ತದೆ ಅನ್ನುವ ಭಯವೂ ಇದೆ.

ಸದ್ಯಕ್ಕೆ ಹಾಕಿಕೊಂಡ ಪ್ಲ್ಯಾನ್: ಮೊದಲ ಎರಡು ತಿಂಗಳು ಲಿಟರೇಚರ್ ಸರ್ವೆ, ಅಂದರೆ ಇದರ ಬಗ್ಗೆ ಹಿಂದೆ ಬಂದ ಪೇಪರ್ ಓದುವುದು. ಆಮೇಲೆ ನಾಲ್ಕು ತಿಂಗಳು ಒಬ್ಬೊಬ್ಬರು ಒಂದೊಂದು ಭಾಗ ಮಾಡುವುದು. ಏಳನೇ ತಿಂಗಳು ಎಲ್ಲವನ್ನೂ ಜೋಡಿಸುವುದು. ಎಂಟನೇ ತಿಂಗಳು ರಿಪೋರ್ಟ್. ಬೋರ್ಡ್ ಇಎಸ್‌ಪಿ32 ಅಂತ ಅಂದುಕೊಂಡಿದ್ದೇವೆ, ಸೆನ್ಸರ್ ಓದಿ ವೈಫೈಯಲ್ಲಿ ಕಳಿಸಬಲ್ಲ ಚಿಕ್ಕ ಬೋರ್ಡ್ ಅದು.

ಈ ಹಾದಿ ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಏನು ಬಿಡಲಿ? ಈ ಪ್ಲ್ಯಾನ್ ನಡೆಯುತ್ತದಾ?

ಬೆಸುಗೆ

ನಿನ್ನ ಪ್ಲ್ಯಾನ್ ಓದಿ ಎದೆ ಧಸಕ್ ಅಂತು. ಆರು ವರ್ಷದ ಹಿಂದೆ ನಾವು ಹಾಕಿಕೊಂಡಿದ್ದೂ ಇದೇ ಪ್ಲ್ಯಾನ್. ಏಳನೇ ತಿಂಗಳಲ್ಲಿ ಜೋಡಿಸೋಣ ಅಂದಿದ್ದೆವು. ನನ್ನ ತಂಗಿಯ ವಯಸ್ಸು ನಿನಗೆ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಮೊದಲು ನಮ್ಮ ಕಥೆ ಹೇಳುತ್ತೇನೆ. ಅದು ಗೊತ್ತಾದರೆ ಮುಂದಿನ ಮಾತು ಸುಲಭ.

ನೀರು ಎಷ್ಟು ಕದಡಿದೆ ಅಂತ ಅಳೆದು ಫೋನಿಗೆ ಕಳಿಸುವ ಸಾಧನ ನಮ್ಮದು. ಬೋರ್ಡ್ ನಿಮ್ಮದೇ, ಇಎಸ್‌ಪಿ32. ಸೆನ್ಸರ್ ಭಾಗ ನನ್ನದು, ವೈಫೈ ಭಾಗ ಗೆಳತಿಯದು. ನನ್ನ ಮೇಜಿನ ಮೇಲೆ ಸೆನ್ಸರ್ ಬಹಳ ಚೆನ್ನಾಗಿ ನಡೆಯಿತು. ಲೋಟದ ನೀರಿಗೆ ಚಿಟಿಕೆ ಮಣ್ಣು ಹಾಕಿದರೆ ಅಂಕಿ ಬದಲಾಗುತ್ತಿತ್ತು, ಇನ್ನೊಂದು ಚಿಟಿಕೆ ಹಾಕಿದರೆ ಇನ್ನಷ್ಟು. ಅವಳ ಮೇಜಿನ ಮೇಲೆ ವೈಫೈಯೂ ಸರಿಯಾಗಿತ್ತು, ಸುಮ್ನೆ ಒಂದು ಅಂಕಿ ಕಳಿಸಿದರೆ ಫೋನಿನಲ್ಲಿ ಬರುತ್ತಿತ್ತು. ಏಳನೇ ತಿಂಗಳಲ್ಲಿ ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆವು. ಅಂಕಿ 4095ಕ್ಕೆ ಹೋಗಿ ನಿಂತಿತು, ಆ ಬೋರ್ಡ್ ತೋರಿಸಬಲ್ಲ ಅತಿ ದೊಡ್ಡ ಅಂಕಿ ಅದು. ಶುದ್ಧ ನೀರಿಗೂ 4095, ಕೆಸರಿಗೂ 4095.

ಸೆನ್ಸರ್ ಬದಲಿಸಿದೆ. ವೈರ್ ಬದಲಿಸಿದೆ. ಎಲ್ಲ ಕಡೆ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಹೊಸ ಬೋರ್ಡ್ ತಂದೆವು, ಅದರಲ್ಲೂ ಅದೇ. ಹತ್ತೊಂಬತ್ತು ದಿನ ಹೋಯಿತು. ಕೊನೆಗೆ ಒಂದು ರಾತ್ರಿ ಚಿಪ್‌ನ ಕೈಪಿಡಿಯನ್ನು ಸಾಲುಸಾಲಾಗಿ ಓದಲು ಕೂತೆ. ಇಎಸ್‌ಪಿ32ರಲ್ಲಿ ವೋಲ್ಟೇಜ್ ಅಳೆಯುವ ಎರಡು ಘಟಕಗಳಿವೆ, ಎಡಿಸಿ1 ಮತ್ತು ಎಡಿಸಿ2. ವೈಫೈ ನಡೆಯುವಾಗ ಎರಡನೆಯದನ್ನು ವೈಫೈಯೇ ಬಳಸಿಕೊಳ್ಳುತ್ತದೆ, ನಮಗೆ ಸಿಗುವುದಿಲ್ಲ. ನನ್ನ ವೈರ್ ಇದ್ದದ್ದು ಪಿನ್ 26ರಲ್ಲಿ, ಅದು ಎಡಿಸಿ2. ಕಿತ್ತು 34ಕ್ಕೆ ಚುಚ್ಚಿದೆ, ಕೋಡಿನಲ್ಲಿ ಒಂದು ಅಂಕಿ ತಿದ್ದಿದೆ. ಅರ್ಧ ನಿಮಿಷದಲ್ಲಿ ಸರಿಹೋಯಿತು. ಆ ರಾತ್ರಿ ಅತ್ತುಬಿಟ್ಟೆ.

ತಪ್ಪು ಪಿನ್‌ಗೆ ವೈರ್ ಹಾಕಿದ್ದು ದೊಡ್ಡ ವಿಷಯವಲ್ಲ, ಯಾರಿಂದಲೂ ಆಗುತ್ತದೆ. ಅದು ಏಳನೇ ತಿಂಗಳಲ್ಲಿ ಗೊತ್ತಾಯಿತಲ್ಲ, ಅದೇ ನಮ್ಮನ್ನು ಹೊಡೆದದ್ದು. ಪರೀಕ್ಷಿಸುವುದಕ್ಕೆ ಇಟ್ಟಿದ್ದ ಸಮಯವನ್ನೆಲ್ಲ ಆ ಹತ್ತೊಂಬತ್ತು ದಿನ ತಿಂದುಹಾಕಿತು. ನಮ್ಮ ರಿಪೋರ್ಟಿನಲ್ಲಿ ಒಟ್ಟು ಹನ್ನೊಂದು ರೀಡಿಂಗ್ ಇತ್ತು. ವೈವಾದಲ್ಲಿ ಪರೀಕ್ಷಕರು ಬಹಳ ಮೆತ್ತಗೆ ಕೇಳಿದರು: "ಈ ಅಂಕಿಯನ್ನು ಎಷ್ಟು ನಂಬಬಹುದಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಜೋಡಿಸುವುದನ್ನು ಮೊದಲ ತಿಂಗಳಿಗೇ ತಾ. ಒಂದು ಕುಂಡ, ಒಂದು ಸೆನ್ಸರ್, ಒಂದು ಬೋರ್ಡ್. ಫೋನಿನ ಬ್ರೌಸರ್‌ನಲ್ಲಿ ಒಂದು ಅಂಕಿ ಕಂಡರೆ ಸಾಕು. ಆ್ಯಪ್ ಬೇಡ, ಡಬ್ಬಿ ಬೇಡ, ಬಣ್ಣ ಬೇಡ. ನೋಡಲು ಎಷ್ಟು ಒರಟಾಗಿದ್ದರೂ ಪರವಾಗಿಲ್ಲ. ಮಣ್ಣಿನಿಂದ ಹೊರಟ ದಾರ ಫೋನಿನವರೆಗೆ ಮುಟ್ಟಬೇಕು, ಅಷ್ಟೇ. ನಾಲ್ಕನೇ ವಾರದ ಕೊನೆಗೆ ಅದನ್ನು ಗೈಡ್ ಮೇಜಿನ ಮೇಲಿಡಿ. ಆಮೇಲೆ ಏನು ಸೇರಿಸಿದರೂ ನಡೆಯುತ್ತಿರುವ ವಸ್ತುವಿಗೆ ಸೇರಿಸುತ್ತೀರಿ. ಕೆಟ್ಟರೆ ನಿನ್ನೆ ಮಾಡಿದ ಬದಲಾವಣೆಯಿಂದ ಕೆಟ್ಟಿತು ಅಂತ ತಕ್ಷಣ ಗೊತ್ತಾಗುತ್ತದೆ.

ಹಾಗಂತ ಲಿಟರೇಚರ್ ಸರ್ವೆ ಬಿಡಬೇಡ. ಎರಡು ತಿಂಗಳು ಬರೀ ಅದನ್ನೇ ಮಾಡುವುದು ಮಾತ್ರ ಬೇಡ. ಕೈಯಲ್ಲಿ ಸೆನ್ಸರ್ ಹಿಡಿದುಕೊಂಡು ಓದಿದರೆ ಪೇಪರ್ ಬೇರೆಯೇ ಥರ ಅರ್ಥವಾಗುತ್ತದೆ. ನಾನು ಮೊದಲ ತಿಂಗಳು ನಲವತ್ತು ಪೇಪರ್ ಡೌನ್‌ಲೋಡ್ ಮಾಡಿದ್ದೆ, ಮನಸ್ಸಿಟ್ಟು ಓದಿದ್ದು ಐದು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ, ಏನು ಬಿಡುವುದು. ನಿಮ್ಮ ಪಟ್ಟಿಯಲ್ಲಿ ಐದು ವಸ್ತುಗಳಿವೆ, ಪ್ರಶ್ನೆ ಒಂದೂ ಇಲ್ಲ. ಅದಕ್ಕೇ ಯಾವುದನ್ನು ತೆಗೆಯಬೇಕು ಅಂತ ತೋಚುತ್ತಿಲ್ಲ. ಮೊದಲು ಒಂದು ಪ್ರಶ್ನೆ ಹಿಡಿಯಿರಿ, ಅಂಕಿಯಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ. ನಾನಾಗಿದ್ದರೆ ಇದನ್ನು ಆರಿಸುತ್ತಿದ್ದೆ: "ಕಡಿಮೆ ಬೆಲೆಯ ಮಣ್ಣಿನ ತೇವಾಂಶದ ಸೆನ್ಸರ್ ಹೇಳುವ ಅಂಕಿ ನಿಜಕ್ಕೆ ಎಷ್ಟು ಹತ್ತಿರ? ಮಣ್ಣು ಬದಲಾದರೆ ಆ ಅಂಕಿ ಎಷ್ಟು ತಪ್ಪುತ್ತದೆ?"

ನಿಜ ಯಾವುದು ಅಂತ ಕಂಡುಹಿಡಿಯಲು ಹಳೆಯ, ಗಟ್ಟಿ ವಿಧಾನ ಇದೆ. ಒದ್ದೆ ಮಣ್ಣನ್ನು ತೂಗುವುದು, ಓವನ್‌ನಲ್ಲಿ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ನಾಲ್ಕು ಗಂಟೆ ಒಣಗಿಸುವುದು, ಮತ್ತೆ ತೂಗುವುದು. ಸಿವಿಲ್ ವಿಭಾಗದ ಮಣ್ಣಿನ ಲ್ಯಾಬ್‌ನಲ್ಲಿ ಈ ಓವನ್, ತಕ್ಕಡಿ ಎರಡೂ ಇರುತ್ತವೆ. ಹೋಗಿ ಕೇಳಿ. ಲೆಕ್ಕದಲ್ಲಿ ಒಂದು ಜಾಗ ಗಮನ ಇರಲಿ: 100 ಗ್ರಾಂ ಒದ್ದೆ ಮಣ್ಣು ಒಣಗಿ 80 ಗ್ರಾಂ ಆದರೆ ತೇವಾಂಶ 20 ಶೇಕಡಾ ಅಲ್ಲ, 25 ಶೇಕಡಾ. ಹೋದ ನೀರನ್ನು ಒಣ ಮಣ್ಣಿನ ತೂಕದಿಂದ ಭಾಗಿಸಬೇಕು, 20 ಭಾಗಿಸು 80.

ಸೆನ್ಸರ್‌ನಲ್ಲಿ ಎರಡು ಥರ ಸಿಗುತ್ತದೆ. ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್‌ನಲ್ಲಿ ಒದ್ದೆ ಮಣ್ಣಿನ ಮೂಲಕ ಕರೆಂಟ್ ಹರಿದು ಲೋಹ ಕರಗುತ್ತಾ ಹೋಗುತ್ತದೆ. ಸದಾ ಆನ್ ಇಟ್ಟರೆ ರೀಡಿಂಗ್ ಬೇಗ ಹಾದಿ ತಪ್ಪುತ್ತದೆ. ಇನ್ನೊಂದು ಥರ ಕೆಪ್ಯಾಸಿಟಿವ್, ಅದರಲ್ಲಿ ಲೋಹ ಮಣ್ಣಿಗೆ ನೇರವಾಗಿ ತಾಗುವುದಿಲ್ಲ. ಅದನ್ನೇ ತಗೊಳ್ಳಿ. ಅದರಲ್ಲೂ ಬೋರ್ಡಿನ ಅಂಚು ನೀರು ಕುಡಿಯುತ್ತದೆ, ನೇಲ್ ಪಾಲಿಶ್ ಬಳಿದು ಒಣಗಿಸಿ. ಮಣ್ಣು ಒದ್ದೆಯಾದಷ್ಟೂ ಅದರ ವೋಲ್ಟೇಜ್ ಕಡಿಮೆಯಾಗುತ್ತದೆ, ಮೊದಲ ಸಲ ನೋಡಿದಾಗ ಗಾಬರಿಯಾಗಬೇಡ.

ಇವತ್ತೇ ಒಂದು ಕೆಲಸ ಮಾಡು. ನಿಮ್ಮ ಕೊನೆಯ ಗ್ರಾಫನ್ನು ಖಾಲಿ ಹಾಳೆಯಲ್ಲಿ ಬರೆ. ಅಡ್ಡ ಗೆರೆಯಲ್ಲಿ ಓವನ್ ಹೇಳಿದ ತೇವಾಂಶ, ಉದ್ದ ಗೆರೆಯಲ್ಲಿ ಸೆನ್ಸರ್ ರೀಡಿಂಗ್, ಮೂರು ಥರದ ಮಣ್ಣಿಗೆ ಮೂರು ಬಣ್ಣ. ಚುಕ್ಕಿ ಇಡಬೇಡ, ಅದನ್ನು ಇಡುವುದೇ ಮುಂದಿನ ಎಂಟು ತಿಂಗಳ ಕೆಲಸ. ಯಾವ ಭಾಗ ಆ ಹಾಳೆಗೆ ಚುಕ್ಕಿ ತರುತ್ತದೋ ಅದು ಉಳಿಯಲಿ. ತರದ ಭಾಗ ಸದ್ಯಕ್ಕೆ ಪಕ್ಕಕ್ಕೆ ಹೋಗಲಿ. ಆಗ ಯಾರ ಇಷ್ಟ ಗೆದ್ದಿತು ಅನ್ನುವ ಜಗಳವೇ ಬರುವುದಿಲ್ಲ, ಹಾಳೆಯೇ ತೀರ್ಮಾನ ಮಾಡುತ್ತದೆ.

ಸಮಯದ ಬಗ್ಗೆ ಇನ್ನೊಂದು ಮಾತು. 1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು ಕೊನೆಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿದ್ದರು, ನಿಮ್ಮ ಥೀಸಿಸ್ ಎಷ್ಟು ದಿನದಲ್ಲಿ ಮುಗಿಯುತ್ತದೆ ಅಂತ. ಅವರು ಅಂದಾಜು ಮಾಡಿದ್ದು ಸರಾಸರಿ 34 ದಿನ. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಅಂದಾಗ ಸುಮಾರು 49 ದಿನ ಅಂದರು. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಜಾಸ್ತಿ. ನೋಡು, ಎಲ್ಲ ಕೆಡಲಿ ಅಂತ ಊಹಿಸಿ ಹೇಳಿದ್ದೂ ಸಾಲಲಿಲ್ಲ. ಅದಕ್ಕೆ ಎಂಟು ತಿಂಗಳು ಅಂತ ಎಣಿಸಬೇಡ. ಕ್ಯಾಲೆಂಡರ್ ತೆಗೆದು ಪರೀಕ್ಷೆಯ ವಾರ, ಇಂಟರ್ನಲ್ಸ್ ವಾರ, ಕೆಲಸದ ಸಂದರ್ಶನಗಳ ವಾರ ಎಲ್ಲ ಹೊಡೆದುಹಾಕು. ಮೂವತ್ತನಾಲ್ಕು ವಾರದಲ್ಲಿ ಇಪ್ಪತ್ತು ಉಳಿದರೆ ಹೆಚ್ಚು. ಕೊನೆಯ ಆರು ವಾರ ಹೊಸದಾಗಿ ಏನನ್ನೂ ಕಟ್ಟಬೇಡಿ. ಆಗ ಬರೀ ಅಳೆಯುವುದು, ಬರೆಯುವುದು.

ಪದರ

ಎಲೆ ರೋಗದ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ, ನಾನು ಮಾಡಿದ್ದು ಅದನ್ನೇ.

ಎಲ್ಲರೂ ಹೋಗುವುದು ಪ್ಲಾಂಟ್‌ವಿಲೇಜ್ ಅನ್ನುವ ಫೋಟೋ ಸಂಗ್ರಹಕ್ಕೆ. 14 ಬೆಳೆ, 26 ರೋಗ, 54,306 ಫೋಟೋ. ಆ ಫೋಟೋಗಳಿಂದ ರೋಗ ಗುರುತಿಸಲು ಕಂಪ್ಯೂಟರ್ ಮಾಡೆಲ್‌ಗೆ ಕಲಿಸಿ, 2016ರಲ್ಲಿ ಬಂದ ಪೇಪರ್ 99.35 ಶೇಕಡಾ ಸರಿಯುತ್ತರ ತೋರಿಸಿತು. ನಾವೂ ಒಂದೇ ವಾರದಲ್ಲಿ 98 ತಲುಪಿ ಕುಣಿದಾಡಿದ್ದೆವು. ಆಮೇಲೆ ನಾವೇ ಗಿಡದ ಮುಂದೆ ನಿಂತು ಫೋನಿನಲ್ಲಿ ಫೋಟೋ ತೆಗೆದು ಹಾಕಿದೆವು. ಹತ್ತರಲ್ಲಿ ಮೂರೂ ಸರಿ ಬರಲಿಲ್ಲ.

ಆಗ ಅದೇ ಪೇಪರನ್ನು ಮತ್ತೆ ಓದಿದೆ. ಬೇರೆ ಸನ್ನಿವೇಶದಲ್ಲಿ ತೆಗೆದ ಫೋಟೋ ಕೊಟ್ಟಾಗ ತಮ್ಮ ಮಾಡೆಲ್ ಸುಮಾರು 31 ಶೇಕಡಾಗೆ ಇಳಿಯಿತು ಅಂತ ಅವರೇ ಬರೆದಿದ್ದಾರೆ. ಸಂಗ್ರಹದ ಫೋಟೋಗಳಲ್ಲಿ ಎಲೆಯನ್ನು ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದಿದ್ದಾರೆ. ಹೊರಗೆ ಹಾಗಿರುವುದಿಲ್ಲ. ಬಿಸಿಲು, ನೆರಳು, ಒಂದರ ಮೇಲೊಂದು ಎಲೆ. ಆಮೇಲೆ ಇನ್ನೊಬ್ಬರು ಹಿನ್ನೆಲೆಯ 8 ಪಿಕ್ಸೆಲ್ ಮಾತ್ರ ಕೊಟ್ಟು ಮಾಡೆಲ್ ಕಲಿಸಿದರು. ಎಲೆಯನ್ನೇ ನೋಡದೆ ಅದು 49 ಶೇಕಡಾ ಸರಿ ಹೇಳಿತು.

ನೀವು ಈ ಭಾಗ ಇಟ್ಟುಕೊಂಡರೆ ಅದೇ ಪೂರ್ತಿ ಪ್ರಾಜೆಕ್ಟ್ ಆಗುತ್ತದೆ. ಸ್ವಂತ ಫೋಟೋ ತೆಗೆಯಬೇಕು, ರೋಗ ಗೊತ್ತಿರುವವರಿಂದ ಹೆಸರು ಬರೆಸಬೇಕು. ಕಲಿಸುವುದಕ್ಕೂ ಪರೀಕ್ಷಿಸುವುದಕ್ಕೂ ಒಂದೇ ಗಿಡದ ಫೋಟೋ ಹೋಗದ ಹಾಗೆ ನೋಡಿಕೊಳ್ಳಬೇಕು. ಸೆನ್ಸರ್ ಜೊತೆಗೆ ಇದನ್ನೂ ಕಟ್ಟಿಕೊಂಡರೆ ಎರಡೂ ಅರ್ಧಂಬರ್ಧ. ಬೆಸುಗೆ ಅವರು ಹೇಳಿದ ದಾರಿ ಹಿಡಿಯುವುದಾದರೆ ಎಲೆಯನ್ನು ಕೈಬಿಡಿ.

ಹಸಿರೆಲೆ

ಬೆಸುಗೆ ಅಕ್ಕ, ಪದರ ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಳೆಯಲ್ಲಿ ಗ್ರಾಫ್ ಬರೆದು ಎಲ್ಲರಿಗೂ ತೋರಿಸಿದೆ. ಎಲೆ ರೋಗ ಬಿಡುವುದಕ್ಕೆ ಅರ್ಧ ಗಂಟೆಯಲ್ಲಿ ಒಪ್ಪಿಕೊಂಡರು. ಸೋಲಾರ್ ಕೂಡ ಹೋಯಿತು.

ಎರಡು ಅನುಮಾನ ಉಳಿದಿದೆ. ಒಂದು, ಆ್ಯಪ್ ಮಾಡಬೇಕು ಅಂತಿದ್ದ ಇಬ್ಬರಿಗೆ ಈಗ ಏನು ಕೆಲಸ? ಅವರು ಮಾತಾಡುತ್ತಿಲ್ಲ, ಅದೇ ನನಗೆ ಚಿಂತೆ. ಎರಡು, ಬರೀ ಸೆನ್ಸರ್ ಅಳೆದೆವು ಅಂದರೆ ಪರೀಕ್ಷಕರು "ಇಷ್ಟೇನಾ?" ಅನ್ನುವುದಿಲ್ಲವಾ? ಪಂಪ್ ಆದರೂ ಇರಲಿ ಅಂತ ಒಬ್ಬರು ಹಟ ಹಿಡಿದಿದ್ದಾರೆ.

ಕಪ್ಪುಹಲಗೆ

ಹದಿನಾಲ್ಕು ವರ್ಷದಿಂದ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿದ್ದೇನೆ, ಪರೀಕ್ಷಕನಾಗಿಯೂ ಕೂತಿದ್ದೇನೆ. ಎರಡನೇ ಅನುಮಾನಕ್ಕೆ ಉತ್ತರ ನನ್ನದು.

"ಇಷ್ಟೇನಾ?" ಅಂತ ನಾನು ಕೇಳುವುದು ಐದು ಭಾಗ ತೋರಿಸಿ ಒಂದರ ಬಗ್ಗೆಯೂ ಹೇಳಲಾಗದ ತಂಡಕ್ಕೆ. ಒಂದೇ ಸೆನ್ಸರನ್ನು ಮೂರು ಥರದ ಮಣ್ಣಿನಲ್ಲಿ ಅರವತ್ತು ಸಲ ಅಳೆದು, "ಸರ್, ಜೇಡಿಮಣ್ಣಿನಲ್ಲಿ ಇದು ತಪ್ಪು ಹೇಳುತ್ತದೆ, ನಮಗೆ ಅನ್ನಿಸುವ ಕಾರಣ ಇದು" ಅಂದರೆ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂರುತ್ತೇನೆ. ತಪ್ಪು ರೀಡಿಂಗ್ ಬಂದರೆ ಅಳಿಸಬೇಡಮ್ಮ. ಅದನ್ನೂ ಪಟ್ಟಿಯಲ್ಲಿ ಹಾಕು.

ಗೈಡ್ ಹತ್ತಿರ ಹೋಗುವಾಗ "ಹೇಗಿದೆ ಸರ್?" ಅಂತ ಕೇಳಬೇಡಿ, "ಚೆನ್ನಾಗಿದೆ" ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಈ ಎರಡರಲ್ಲಿ ಯಾವುದು, ನಾವು ಮೊದಲನೆಯದು ಅಂದುಕೊಂಡಿದ್ದೇವೆ, ಯಾಕೆಂದರೆ ಹೀಗೆ" ಅಂತ ಕೇಳಿ. ವಾರಕ್ಕೆ ಹತ್ತು ನಿಮಿಷ ಸಾಕು.

ಬೆಸುಗೆ

ಸರ್ ಹೇಳಿದ್ದನ್ನು ನಾನು ಆಗ ಕೇಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

ಆ್ಯಪ್‌ನವರ ವಿಷಯ. ಅವರಿಗೆ ಕೆಲಸ ಕಡಿಮೆಯಾಗಿಲ್ಲ, ಬೇರೆಯಾಗಿದೆ. ಅರವತ್ತು ರೀಡಿಂಗ್, ಪ್ರತಿಯೊಂದಕ್ಕೂ ದಿನಾಂಕ, ಮಣ್ಣಿನ ಹೆಸರು, ಮೊದಲ ತೂಕ, ಕೊನೆಯ ತೂಕ, ಆ ಹೊತ್ತಿನ ಉಷ್ಣಾಂಶ. ಇದನ್ನು ಯಾರು ಹಿಡಿದಿಡುತ್ತಾರೆ? ವೈಫೈ ಹೋದಾಗ ರೀಡಿಂಗ್ ಕಳೆದುಹೋಗದ ಹಾಗೆ ಬೋರ್ಡಿನಲ್ಲೇ ಉಳಿಸಿಕೊಂಡು ಆಮೇಲೆ ಕಳಿಸಬೇಕು, ಅದನ್ನು ಯಾರು ಬರೆಯುತ್ತಾರೆ? ಗ್ರಾಫ್ ತಾನಾಗಿ ಬರುವ ಹಾಗೆ ಯಾರು ಮಾಡುತ್ತಾರೆ? ಅವರ ಕೈಗೆ ಇದು ಬಂದರೆ ನಿಮ್ಮ ಪ್ರಾಜೆಕ್ಟಿನ ಬೆನ್ನುಮೂಳೆಯೇ ಅವರು. ಆದರೆ ನೀನು ಗುಂಪಿನ ಮೆಸೇಜಿನಲ್ಲಿ ಹೇಳಬೇಡ. ಇಬ್ಬರನ್ನೂ ಕೂರಿಸಿಕೊಂಡು ಮುಖ ನೋಡಿ ಮಾತಾಡು. "ನಿಮ್ಮ ಭಾಗ ತೆಗೆದಿದ್ದಕ್ಕೆ ಬೇಜಾರಾಯಿತಾ?" ಅಂತ ನೇರವಾಗಿ ಕೇಳು. ನಮ್ಮ ಟೀಮಿನಲ್ಲಿ ಒಬ್ಬಳು ಮೂರನೇ ತಿಂಗಳಿನಿಂದ ಸುಮ್ಮನಾದಳು. ಯಾರೂ ಕೇಳಲಿಲ್ಲ. ಆರು ವರ್ಷ ಆದರೂ ಅದು ನನಗೆ ಚುಚ್ಚುತ್ತದೆ, ಆ 4095ಕ್ಕಿಂತ ಜಾಸ್ತಿ.

ಜೊತೆಗೆ ಒಬ್ಬೊಬ್ಬರ ಕೆಲಸ ಇನ್ನೊಬ್ಬರಿಗೂ ಗೊತ್ತಿರಲಿ. ನೀನು ಸೆನ್ಸರ್ ಅಂದರೆ, ಅದನ್ನು ನೀನಿಲ್ಲದಾಗ ನಡೆಸಬಲ್ಲ ಇನ್ನೊಬ್ಬರು ಇರಬೇಕು. ಕೋಡ್ ಗಿಟ್‌ನಲ್ಲಿರಲಿ, ಅಂದರೆ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಕಡೆ, ಅದರ ಪ್ರತಿ ಎಲ್ಲರ ಹತ್ತಿರವೂ ಇರಲಿ. ಒಬ್ಬರ ಲ್ಯಾಪ್‌ಟಾಪ್ ಕೆಟ್ಟು ಪ್ರಾಜೆಕ್ಟ್ ನಿಂತದ್ದನ್ನು ಕಣ್ಣಾರೆ ನೋಡಿದ್ದೇನೆ.

ಪಂಪ್ ಇರಲಿ, ಹಟ ಹಿಡಿದವರಿಗೆ ಬೇಡ ಅನ್ನಬೇಡ. ಹದಿನೈದನೇ ವಾರದ ಹೊತ್ತಿಗೆ ನಲವತ್ತು ಚುಕ್ಕಿ ಹಾಳೆ ಮೇಲೆ ಬಿದ್ದಿದ್ದರೆ ಪಂಪ್ ಸೇರಿಸೋಣ ಅಂತ ಈಗಲೇ ಮಾತಾಡಿಕೊಳ್ಳಿ. ಸೇರಿಸುವಾಗ ಮಾತ್ರ ಪಂಪಿಗೆ ಬೇರೆ ಪವರ್ ಕೊಡಿ, ಎರಡರ ಗ್ರೌಂಡ್ ವೈರ್ (ಮೈನಸ್ ಕಡೆ) ಮಾತ್ರ ಒಂದಕ್ಕೊಂದು ಸೇರಿರಲಿ. ಒಂದೇ ಅಡಾಪ್ಟರ್‌ನಿಂದ ಎರಡಕ್ಕೂ ಕೊಟ್ಟರೆ ಮೋಟಾರ್ ಶುರುವಾಗುವ ಕ್ಷಣಕ್ಕೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಪರದೆ ಮೇಲೆ "ಬ್ರೌನ್‌ಔಟ್ ಡಿಟೆಕ್ಟರ್" ಅಂತ ಒಂದು ಸಾಲು ಬರುತ್ತದೆ. ಅದು ಕಂಡರೆ ಕೋಡ್ ತಿದ್ದುತ್ತಾ ಕೂರಬೇಡಿ, ಪವರ್ ನೋಡಿ.

ಸೆನ್ಸರ್ ವೈರನ್ನು 32ರಿಂದ 39ರ ಒಳಗಿನ ಪಿನ್‌ಗೇ ಹಾಕು. ಮೊದಲ ರೀಡಿಂಗ್ ಫೋನಿನಲ್ಲಿ ಕಂಡ ದಿನ ಇಲ್ಲಿ ಬಂದು ಆ ಅಂಕಿ ಎಷ್ಟು ಅಂತ ಬರೆ. ನಾನು ಕಾಯುತ್ತಿರುತ್ತೇನೆ.

ಹಸಿರೆಲೆ

ಅಕ್ಕ, ಅವರಿಬ್ಬರ ಹತ್ತಿರ ಮಾತಾಡಿದೆ. ಒಬ್ಬಳಿಗೆ ನಿಜವಾಗಲೂ ಬೇಜಾರಾಗಿತ್ತು. ರೀಡಿಂಗ್ ಉಳಿಸಿಕೊಳ್ಳುವ ಕೆಲಸ ತಾನೇ ಮಾಡುತ್ತೇನೆ ಅಂದಳು. ಸಿವಿಲ್ ಲ್ಯಾಬ್‌ನವರು ಸೋಮವಾರ ಬೆಳಿಗ್ಗೆ ಓವನ್ ಬಳಸಿಕೊಳ್ಳಿ ಅಂದಿದ್ದಾರೆ. ವೈರ್ 34ಕ್ಕೆ ಹಾಕಿದೆ.